24ರ ಲಾರಿಗೆ 12ರ ಡೈನಮೋ ಕೂರಿಸಿದ್ದು

ನಮ್ಮ ಶೆಡ್ ಇರುವುದು ಚಿತ್ರದುರ್ಗದ ಹೈವೇ ಪಕ್ಕ. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿಯೊಂದು ವರ್ಷಕ್ಕೆ ಎರಡು ಸಲ ಬ್ಯಾಟರಿ ಬದಲಿಸುತ್ತಿತ್ತು. ಓನರ್‌ಗೆ ಬ್ಯಾಟರಿ ಅಂಗಡಿಯವರ ಮೇಲೆ ಸಿಟ್ಟು. ಬಾಕ್ಸ್ ತೆಗೆದು ನೋಡಿದ ಮೇಲೆ ಗೊತ್ತಾಯಿತು, ತಪ್ಪು ನಮ್ಮ ಕಸುಬಿನವರದ್ದೇ.

ಲಾರಿ 24 ವೋಲ್ಟಿನದು. ಅಂದರೆ 12ರ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಒಂದರ ಹಿಂದೆ ಒಂದು ಜೋಡಿಸಿದ್ದು. ಹಿಂಬದಿಯಲ್ಲಿ ಗಾಡಿ ಎಳೆಯುವ ಮೋಟಾರ್, ಅಂದರೆ ವಿಂಚ್, ಮಾತ್ರ 12ರದ್ದು. ಯಾರೋ ಒಂದೇ ಬ್ಯಾಟರಿಯಿಂದ ಅದಕ್ಕೆ ವೈರ್ ಎಳೆದಿದ್ದರು. ಸುಲಭ ಅಲ್ವಾ? ಇಂಜಿನ್ ಓಡಿಸಿ ಮೀಟರ್ ಇಟ್ಟೆ. ಒಟ್ಟು 28 ವೋಲ್ಟ್. ಚಾರ್ಜ್ ಆಗುವಾಗ 24ರ ಗಾಡಿಗೆ ಅಷ್ಟು ಬರಬೇಕು, ಸರಿಯಾಗೇ ಇದೆ. ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲಿ 15.4, ವಿಂಚ್ ಕಡೆಯದರಲ್ಲಿ 12.6. ಇಂಜಿನ್ ಜೊತೆ ತಿರುಗಿ ಬ್ಯಾಟರಿ ತುಂಬಿಸುವ ಡೈನಮೋ ಲೆಕ್ಕ ಇಡುವುದು ಒಟ್ಟು ಮೊತ್ತವನ್ನು ಮಾತ್ರ. ಹಾಗಾಗಿ ಒಂದು ಬ್ಯಾಟರಿ ಕುದಿದು ನೀರು ಆರಿಸಿಕೊಳ್ಳುತ್ತಿತ್ತು, ಇನ್ನೊಂದು ಹೊಟ್ಟೆ ತುಂಬದೆ ಸಾಯುತ್ತಿತ್ತು.

12ರದಕ್ಕೆ ಬೇಕಾದ 14 ವೋಲ್ಟ್, 24ರದಕ್ಕೆ ಬೇಕಾದ 28 ಎರಡನ್ನೂ ಕೊಡುವ ಒಂದೇ ಡೈನಮೋ ಇದೆ, ಮಿಲಿಟರಿ ಗಾಡಿಗಳಲ್ಲಿ ಬಳಸುತ್ತಾರೆ. ನಮ್ಮ ಕಡೆ ಅದರ ಪಾರ್ಟು ಎಲ್ಲಿ ಹುಡುಕುವುದು? ಕೆಟ್ಟರೆ ಎರಡೂ ಕಡೆ ಕತ್ತಲೆ. 24ರಿಂದ 12 ಮಾಡುವ ಕನ್ವರ್ಟರ್ ಸ್ಟೀರಿಯೋಗೆ, ಚಾರ್ಜರ್‌ಗೆ ಸಾಕು. ಅಂಥ ಕೆಲಸಕ್ಕೆ ನಾನೂ ಅದನ್ನೇ ಹಾಕುತ್ತೇನೆ. ಈ ವಿಂಚ್ ಭಾರ ಎಳೆಯುವಾಗ 300 ಆಂಪ್ ಕುಡಿಯುತ್ತಿತ್ತು. ಅದಕ್ಕೇ ಬೇರೆ ಡೈನಮೋ, ಬೇರೆ ಬ್ಯಾಟರಿ ಅಂತ ತೀರ್ಮಾನಿಸಿದೆ.

"300 ಆಂಪಿನ ಡೈನಮೋ ಎಲ್ಲಿ ಸಿಗುತ್ತೆ ಅಣ್ಣಾ?" ಅಂದ ಹುಡುಗ. ಬೇಕಾಗಿಲ್ಲ. ಎರಡು ನಿಮಿಷ ಎಳೆದರೆ ಬ್ಯಾಟರಿಯಿಂದ ಹೋಗುವುದು 10 ಆಂಪ್-ಅವರ್. 40 ಆಂಪ್ ತುಂಬಿಸಿದರೂ ಕಾಲು ಗಂಟೆ, ಸ್ವಲ್ಪ ಜಾಸ್ತಿ ಹಿಡಿಯಬಹುದು ಅಷ್ಟೆ. ಕಾರಿನ 90 ಆಂಪಿನದು ತಂದೆ. 90 ಅನ್ನುವುದು ಜೋರು ಸ್ಪೀಡಿನ ಮಾತು, ಐಡಲ್‌ನಲ್ಲಿ ಅರ್ಧವೂ ಬರಲಿಕ್ಕಿಲ್ಲ. ಕ್ರ್ಯಾಂಕ್ ಪುಲ್ಲಿ 180 ಮಿಮೀ, ಇದರದ್ದು 65. ಇಂಜಿನ್ ನಿಮಿಷಕ್ಕೆ 650 ಸುತ್ತು ತಿರುಗಿದರೆ ಡೈನಮೋ 1800.

ಮೊದಲ ಬ್ರಾಕೆಟ್ 6 ಮಿಮೀ ಪ್ಲೇಟಿನದು. ಒಂದೇ ತಿಂಗಳಲ್ಲಿ ವೆಲ್ಡಿಂಗ್ ಪಕ್ಕ ಬಿರುಕು. ಡೀಸೆಲ್ ಇಂಜಿನ್ ನಡುಕ ಸುಮ್ನೆ ಬಿಡುತ್ತದೆಯೇ! 12 ಮಿಮೀ ಪ್ಲೇಟಿನಲ್ಲಿ ಮತ್ತೆ ಮಾಡಿಸಿ, ಬ್ಲಾಕಿನಲ್ಲಿ ಮೊದಲೇ ಇದ್ದ ಮೂರು ತೂತಿಗೆ ಬೋಲ್ಟ್ ಕೊಟ್ಟೆ. ಪುಲ್ಲಿಗಳ ಮುಖಕ್ಕೆ ಉಕ್ಕಿನ ಪಟ್ಟಿ ಹಿಡಿದು ನೇರ ನೋಡಿದೆ. 2 ಮಿಮೀ ಓರೆ ಇತ್ತು, ವಾಷರ್ ಹಾಕಿ ಸರಿಮಾಡಿದೆ. ಇಲ್ಲದಿದ್ದರೆ ಬೆಲ್ಟಿನ ಪುಡಿ ಉದುರುತ್ತಲೇ ಇರುತ್ತದೆ.

ನಿಜವಾಗಿ ಕೈಸುಟ್ಟುಕೊಂಡಿದ್ದು ವೈರಿಂಗ್‌ನಲ್ಲಿ. ಚಾರ್ಜಿಂಗ್ ಲ್ಯಾಂಪಿನ ಸಣ್ಣ ವೈರನ್ನು ಅಭ್ಯಾಸಬಲದಿಂದ ಕೀಗೆ ಕೊಟ್ಟೆ. ಕೀಯಲ್ಲಿ ಬರುವುದು 24! ಡೈನಮೋದ ವೋಲ್ಟೇಜ್ ಹಿಡಿತದಲ್ಲಿಡುವ ಹೊಸ ಕಟೌಟ್ ಅಲ್ಲೇ ಹೋಯಿತು. ಆಮೇಲೆ 24ರ ಕಾಯಿಲ್ ಇರುವ ರಿಲೇ, ಅಂದರೆ ಕರೆಂಟಿನಿಂದಲೇ ಆನ್ ಆಗುವ ಸ್ವಿಚ್, ಹಾಕಿ, ಅದರ ಕಾಂಟ್ಯಾಕ್ಟ್ ಮೂಲಕ ವಿಂಚ್ ಬ್ಯಾಟರಿಯ 12ನ್ನು ಲ್ಯಾಂಪಿಗೆ ಕೊಟ್ಟೆ. ಅರ್ತ್ ಎರಡಕ್ಕೂ ಚಾಸಿಯೇ. ಪ್ಲಸ್‌ಗಳು ಮಾತ್ರ ಎಲ್ಲೂ ಸೇರಬಾರದು. ಅದಕ್ಕೇ 12ರ ವೈರುಗಳಿಗೆಲ್ಲ ಹಳದಿ ಟೇಪ್ ಸುತ್ತಿದ್ದೇನೆ.

ಗಾಡಿ ಈಗಲೂ ಬರುತ್ತದೆ. ಬೆಲ್ಟ್ ಬಿಗಿ ನೋಡಲಿಕ್ಕೆ, ಇಲ್ಲವೇ ಡ್ರೈವರ್‌ಗೆ ಟೀ ಬೇಕಾದಾಗ.