ವಸಡಿನ ಗಂಟು: ಕತ್ತರಿಸುವ ಮುನ್ನ, ಕತ್ತರಿಸಿದ ಮೇಲೆ

ವಸಡಿನಲ್ಲಿ ಏಳುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಬರಿಗಣ್ಣಲ್ಲಿ ನೋಡಿ ಖಾತರಿ ಹೇಳುವುದು ಪಳಗಿದ ವೈದ್ಯರಿಗೂ ಆಗದ ಮಾತು.

ಮುಟ್ಟಿದರೆ ರಕ್ತ ಜಿನುಗುವ ಮೆತ್ತನೆಯ ಕೆಂಪು ಗಂಟು ಸಾಮಾನ್ಯವಾಗಿ ಪಯೋಜೆನಿಕ್ ಗ್ರಾನುಲೋಮಾ, ಅಂದರೆ ಕೆರಳಿಕೆಯಿಂದ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು. ಗರ್ಭಿಣಿಯರಲ್ಲೂ ಕಾಣುತ್ತದೆ, ಹೆರಿಗೆಯ ನಂತರ ಎಷ್ಟೋ ಸಲ ತಾನೇ ಕುಗ್ಗುವುದರಿಂದ ತೊಂದರೆ ಕೊಡದಿದ್ದರೆ ಕಾಯಬಹುದು. ವಸಡಿನದೇ ಬಣ್ಣದ ಗಟ್ಟಿ ಗಂಟಾದರೆ ಫೈಬ್ರೋಮಾ (ನಾರಿನಂಥ ಅಂಗಾಂಶದ, ಕ್ಯಾನ್ಸರ್ ಅಲ್ಲದ ಗಂಟು) ಇರಬಹುದು. ಕೆಳತುಟಿಯೊಳಗಿನ ನೀಲಿ ಛಾಯೆಯ ನೀರುಗುಳ್ಳೆ ಮ್ಯೂಕೋಸೀಲ್. ಅದನ್ನು ಚುಚ್ಚಿ ಒಡೆದರೆ ಮತ್ತೆ ತುಂಬಿಕೊಳ್ಳುತ್ತದೆ, ಅಡಿಯ ಪುಟ್ಟ ಜೊಲ್ಲುಗ್ರಂಥಿಯನ್ನೂ ತೆಗೆಯಬೇಕು. ವಸಡು ಸಾಲಾಗಿ ಉಬ್ಬಿದ್ದರೆ ವೈದ್ಯರಿಗೆ ಮಾತ್ರೆಚೀಟಿ ತೋರಿಸಿ. ಬಿ.ಪಿ.ಯ ಅಮ್ಲೋಡಿಪಿನ್, ಫಿಟ್ಸ್‌ನ ಫೆನಿಟಾಯಿನ್ ಕಾರಣವಾಗಿರಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿಸುವುದು ಬರೆದುಕೊಟ್ಟ ವೈದ್ಯರ ಕೆಲಸ.

ಕತ್ತರಿಸುವ ಮುನ್ನ ಆ ಜಾಗದ ಎಕ್ಸ್‌ರೇ ಬೇಕು. ಮೂಳೆ ಸವೆದಿದೆಯೇ ಎಂಬುದು ಅದರಲ್ಲೇ ತಿಳಿಯುವುದು. ಒತ್ತಿದಾಗ ಬಿಳಿಚಿಕೊಳ್ಳುವ ಅಥವಾ ನಾಡಿಯಂತೆ ಮಿಡಿಯುವ ಗಂಟು ರಕ್ತನಾಳದ್ದಿರಬಹುದು, ಅಂಥದ್ದಕ್ಕೆ ಸುಮ್ಮನೆ ಬ್ಲೇಡ್ ಹಾಕಬಾರದು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ.

ಚಿಕ್ಕ ಗಂಟನ್ನು ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬುಡದಿಂದ, ಮೂಳೆಯ ಮೇಲಿನ ಪೊರೆಯವರೆಗೂ ತೆಗೆಯುತ್ತಾರೆ. ಲೇಸರ್ ಆದರೆ ರಕ್ತ ಕಡಿಮೆ, ಖರ್ಚು ಜಾಸ್ತಿ. ಯಾವುದರಲ್ಲಿ ಕೊಯ್ದರೂ ಪಕ್ಕದ ಹಲ್ಲುಗಳ ಕಿಟ್ಟ ತೆಗೆಯದಿದ್ದರೆ, ಚೂಪಾದ ಫಿಲ್ಲಿಂಗ್ ಸರಿಪಡಿಸದಿದ್ದರೆ ಗಂಟು ಅಲ್ಲೇ ಮತ್ತೆ ಏಳುತ್ತದೆ. ದುಡ್ಡು ಉಳಿಸಲು ಜನ ಬೇಡವೆನ್ನುವುದೂ ಈ ಕ್ಲೀನಿಂಗನ್ನೇ!

ತೆಗೆದ ತುಂಡು ಕಸದ ಬುಟ್ಟಿಗಲ್ಲ, ಕೊಳೆಯದಂತೆ ಕಾಯುವ ಶೇ 10ರ ಫಾರ್ಮಲಿನ್ ದ್ರಾವಣದಲ್ಲಿ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ ಹೋಗಬೇಕು. ವರದಿ ಕೇಳಿ ಪಡೆಯಿರಿ. ಅದರಲ್ಲಿ ಜೈಂಟ್ ಸೆಲ್ (ದೈತ್ಯ ಜೀವಕೋಶ) ಎಂದಿದ್ದು, ಮೂಳೆಯೂ ಸವೆದಿದ್ದರೆ ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಕಾರಣವಾಗಿರಬಹುದು, ಹಾಗಾಗಿ ರಕ್ತದ ಕ್ಯಾಲ್ಸಿಯಂ, ಆ ಗ್ರಂಥಿಯ ಹಾರ್ಮೋನ್ ಪರೀಕ್ಷೆಯೂ ಆಗಬೇಕು.

ಮನೆಗೆ ಬಂದ ದಿನ ಉಗುಳಬೇಡಿ, ಮುಕ್ಕಳಿಸಬೇಡಿ. ರಕ್ತ ಬಂದರೆ ಒದ್ದೆ ಗಾಜ್ ಬಟ್ಟೆಯನ್ನು ಗಾಯದ ಮೇಲೆ 20 ನಿಮಿಷ ಬಿಡದೆ ಒತ್ತಿಹಿಡಿಯಿರಿ. ಬಿಸಿ ಕಾಫಿ, ಖಾರದ ಸಾರು ಬೇಡ. ತಣ್ಣನೆಯ ಮೊಸರನ್ನ, ಗಂಜಿ ಸಾಕು. ಮರುದಿನದಿಂದ ವೈದ್ಯರು ಹೇಳಿದಷ್ಟು ದಿನ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದಲ್ಲಿ ಮುಕ್ಕಳಿಸಿ. ಹೆಚ್ಚು ದಿನ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ.

ಎರಡು ವಾರ ಕಳೆದರೂ ಮಾಯದ ಹುಣ್ಣು, ಅಂಚು ಗಟ್ಟಿಯಾದ ಗಾಯ, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕತ್ತಿನಲ್ಲಿ ಗಂಟು ಇದ್ದರೆ, ಅದರಲ್ಲೂ ಗುಟ್ಕಾ, ಹೊಗೆಸೊಪ್ಪಿನ ಚಟವಿದ್ದರೆ, ಮುಲಾಮು ಹಚ್ಚುತ್ತ ಕೂರಬೇಡಿ. ಬೆಂಗಳೂರಿನಲ್ಲಾದರೆ ವಿಕ್ಟೋರಿಯಾ ಆಸ್ಪತ್ರೆ ಬಳಿಯ ಸರ್ಕಾರಿ ದಂತ ಕಾಲೇಜಿಗೋ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ತೋರಿಸಿ.