ಮಳೆಗಾಲಕ್ಕೇ ಬನ್ನಿ ಅಂದೆವು

ಎಕ್ಸ್‌ಚೇಂಜ್ (ವಿದ್ಯಾರ್ಥಿ ವಿನಿಮಯ) ಅಂದ ಕೂಡಲೇ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಕೇಳುವುದು ಒಂದೇ, "ಯಾವ ದೇಶಕ್ಕೆ ಹೋಗಬಹುದು?" ಅಂತ. ಯಾರನ್ನು ಕರೆಸಬಹುದು ಅಂತ ಕೇಳುವವರು ತೀರಾ ಕಡಿಮೆ. ಎಂಬಿಬಿಎಸ್ ಓದುವಾಗ ನಾನು ಮಂಗಳೂರಿನಲ್ಲಿ ಲೋಕಲ್ ಎಕ್ಸ್‌ಚೇಂಜ್ ಆಫೀಸರ್ ಆಗಿದ್ದೆ. ಹೆಸರು ದೊಡ್ಡದು. ಕೆಲಸ ಮಾತ್ರ ಕಾಗದಪತ್ರ, ರೂಮು, ಊಟ, ಕೊಡೆ.

ಐಎಫ್‌ಎಂಎಸ್‌ಎ ಅನ್ನುವುದು ವೈದ್ಯಕೀಯ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ. 1951ರಲ್ಲಿ ಕೋಪನ್‌ಹೇಗನ್‌ನಲ್ಲಿ ಶುರುವಾಯಿತು. ಈಗ 120ಕ್ಕೂ ಜಾಸ್ತಿ ದೇಶಗಳ ಸಂಘಗಳು ಇದರಲ್ಲಿವೆ. ನೀವು ನೇರವಾಗಿ ಇದರ ಸದಸ್ಯರಾಗಲು ಆಗುವುದಿಲ್ಲ, ನಿಮ್ಮ ದೇಶದ ಸಂಘದ ಮೂಲಕವೇ ಹೋಗಬೇಕು. ನಮ್ಮಲ್ಲಿ ಅದು ಮೆಡಿಕಲ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಆಫ್ ಇಂಡಿಯಾ, ಅಂದರೆ ಎಂಎಸ್‌ಎಐ. ಸಾರ್ವಜನಿಕ ಆರೋಗ್ಯ, ವೈದ್ಯಕೀಯ ಶಿಕ್ಷಣ, ಮಾನವ ಹಕ್ಕು ಅಂತ ಬೇರೆ ಬೇರೆ ಸಮಿತಿಗಳಿವೆ. ಆಸ್ಪತ್ರೆ ಎಕ್ಸ್‌ಚೇಂಜ್ ನೋಡಿಕೊಳ್ಳುವುದು ಸ್ಕೋಪ್, ಸಂಶೋಧನೆಯದ್ದು ಸ್ಕೋರ್. ನಾನಿದ್ದದ್ದು ಸ್ಕೋಪ್‌ನಲ್ಲಿ.

ಲೆಕ್ಕ ಸರಳ. ನಮ್ಮವರೊಬ್ಬರು ಅಲ್ಲಿಗೆ ಹೋದರೆ ಅಲ್ಲಿಯವರೊಬ್ಬರು ಇಲ್ಲಿಗೆ ಬರುತ್ತಾರೆ. ಸಾಮಾನ್ಯವಾಗಿ ನಾಲ್ಕು ವಾರ. ಬಂದವರಿಗೆ ಇರಲು ಜಾಗ, ಊಟದ ವ್ಯವಸ್ಥೆ, ಕಲಿಸಲು ಒಬ್ಬ ಟ್ಯೂಟರ್, ಜೊತೆಗೆ ಓಡಾಡಲು ಒಬ್ಬ ವಿದ್ಯಾರ್ಥಿ, ಇಷ್ಟನ್ನು ಕರೆಸಿದವರು ಒದಗಿಸಬೇಕು. ಹೋಗಲು ಎಲ್ಲರೂ ರೆಡಿ, ಒದಗಿಸಲು ಯಾರೂ ಇಲ್ಲ! ಅದಕ್ಕೆ ನಮ್ಮ ಸಮಿತಿಯಲ್ಲಿ ಒಂದು ನಿಯಮ ಮಾಡಿದೆವು. ಅತಿಥಿಗಳನ್ನು ನೋಡಿಕೊಂಡವರಿಗೇ ಹೊರಗೆ ಹೋಗುವಾಗ ಮೊದಲ ಆದ್ಯತೆ. ಜನ ತಾವಾಗಿಯೇ ಬಂದರು.

ದೊಡ್ಡ ತಲೆನೋವು ತಿಂಗಳಿನದ್ದು. ಯುರೋಪಿನವರಿಗೆ ಬೇಸಿಗೆ ರಜೆ ಇರುವುದು ಜುಲೈ, ಆಗಸ್ಟ್‌ನಲ್ಲಿ. ಆಗ ನಮ್ಮ ಕರಾವಳಿಯಲ್ಲಿ ಹಿಡಿದ ಮಳೆ ಬಿಡುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ. ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಹಾಗಾಗಿ ಮೀನೂ ದುಬಾರಿ. ಬೀಚ್ ಫೋಟೋ ಹಾಕಿ ಕರೆಸಿದರೆ ಬಂದವರು ಕಿಟಕಿ ಹತ್ತಿರ ಕೂತು ನಮ್ಮನ್ನು ಬೈಯುತ್ತಾರೆ, ಅಲ್ವಾ? ನಾವು ಉಲ್ಟಾ ಮಾಡಿದೆವು. ಮಳೆಯನ್ನು ಮುಚ್ಚಿಡಲಿಲ್ಲ. ಮಲೇರಿಯಾ, ಡೆಂಗಿ, ಇಲಿ ಜ್ವರ ನೋಡಬೇಕೇ, ಮಳೆಗಾಲಕ್ಕೇ ಬನ್ನಿ ಅಂತ ಬರೆದೆವು. ಸರ್ಜರಿ ಕೇಳಿದವರನ್ನೂ ಎರಡು ವಾರವಾದರೂ ಮೆಡಿಸಿನ್ ತೆಗೆದುಕೊಳ್ಳಿ ಅಂತ ಒಪ್ಪಿಸುತ್ತಿದ್ದೆ. ಇದಕ್ಕಾಗಿ ಸ್ವಲ್ಪ ಜಗಳವೂ ಆಗಿದೆ.

ಪುಸ್ತಕದಲ್ಲಿ ಮಾತ್ರ ಮಲೇರಿಯಾ ಓದಿದವರು ಅವರು. ನಮ್ಮ ಲ್ಯಾಬ್‌ನಲ್ಲಿ ಸ್ಲೈಡ್ ಇಟ್ಟು ವೈವ್ಯಾಕ್ಸ್ (ಮಲೇರಿಯಾ ತರುವ ಒಂದು ಬಗೆಯ ರೋಗಾಣು) ತೋರಿಸಿದರೆ ಮೈಕ್ರೋಸ್ಕೋಪ್ ಬಿಟ್ಟು ಏಳುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದ ಪಾಠ ವಾರ್ಡಿನಲ್ಲಿ ಸಿಗುತ್ತಿತ್ತು. ವೈವ್ಯಾಕ್ಸ್‌ಗೆ ಕ್ಲೋರೋಕ್ವಿನ್ ಮೂರು ದಿನ, ಪ್ರಿಮಾಕ್ವಿನ್ 14 ದಿನ. ಜ್ವರ ಮೂರ್ನಾಲ್ಕು ದಿನದಲ್ಲಿ ಇಳಿದುಬಿಡುತ್ತದೆ. ಲಿವರ್‌ನಲ್ಲಿ ಅಡಗಿದ ರೋಗಾಣು ಸಾಯಬೇಕಾದರೆ ಮಾತ್ರೆ ಪೂರ್ತಿ ಮುಗಿಸಬೇಕು. ಕಟ್ಟಡ ಕೆಲಸಕ್ಕೆ ದೂರದಿಂದ ಬಂದವರು ಅಷ್ಟು ದಿನ ಒಂದೇ ಕಡೆ ಇರುತ್ತಾರೆಯೇ? ಸೈಟ್ ಬದಲಾಯಿತು ಅಂದರೆ ಮಾತ್ರೆಯೂ ನಿಂತಿತು. ಆ ಸೈಟ್‌ಗಳಲ್ಲಿ ನಿಂತ ನೀರಿನಲ್ಲೇ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುತ್ತದೆ. ಒಂದು ಭಾನುವಾರ ಕಮ್ಯುನಿಟಿ ಮೆಡಿಸಿನ್‌ನವರ ಜೊತೆ ಅತಿಥಿಗಳನ್ನೂ ಕಟ್ಟಡ ಒಂದಕ್ಕೆ ಕರೆದೊಯ್ದೆವು. ಟ್ಯಾಂಕ್‌ನಲ್ಲಿ ಲಾರ್ವಾ ನೋಡಿದ ಮೇಲೆ ಅವರ ಪ್ರಶ್ನೆಗಳೇ ಬದಲಾದವು. ಔಷಧದ ಡೋಸ್ ಬಿಟ್ಟು, ಈ ನೀರನ್ನು ಖಾಲಿ ಮಾಡಿಸುವುದು ಯಾರ ಕೆಲಸ ಅಂತ ಕೇಳತೊಡಗಿದರು. ನಮ್ಮ ಕ್ಲಾಸಿನಲ್ಲಿ ಆ ಪ್ರಶ್ನೆ ಎಷ್ಟು ಜನ ಕೇಳುತ್ತೇವೆ?

ಜೊತೆಗಾರರನ್ನು ಆರಿಸುವಾಗ ಇಂಗ್ಲಿಷ್ ಚೆನ್ನಾಗಿ ಬರುವವರನ್ನು ಹಾಕುವುದು ರೂಢಿ. ನಾನು ತುಳು ಬರುವವರನ್ನು ಹಾಕಿದೆ. ವಾರ್ಡಿನಲ್ಲಿ ಒಂದು ಮಂಚದಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಆಚೆ ಕೊಂಕಣಿ, ಕಾಸರಗೋಡಿನಿಂದ ಬಂದವರದ್ದು ಮಲಯಾಳಂ. ಉತ್ತರ ಭಾರತದಿಂದ ಇಲ್ಲಿಗೆ ಓದಲು ಬಂದ ನಮ್ಮ ಸಹಪಾಠಿಗಳೇ ಅಲ್ಲಿ ಕೈಚೆಲ್ಲುತ್ತಾರೆ. ರೋಗಿಯ ಒಪ್ಪಿಗೆ ಕೇಳದೆ ಯಾರನ್ನೂ ಮಂಚದ ಹತ್ತಿರ ನಿಲ್ಲಿಸುತ್ತಿರಲಿಲ್ಲ. ಫೋಟೋ ಇಲ್ಲ, ಸೂಜಿ ಮುಟ್ಟುವಂತಿಲ್ಲ, ನೋಡಿ ಕಲಿಯುವುದು ಮಾತ್ರ. ಬೇಡ ಅಂದವರೂ ಇದ್ದರು. ಹೆಚ್ಚಿನವರು ಖುಷಿಯಿಂದಲೇ ಒಪ್ಪಿದರು. ಒಬ್ಬರು ಅಜ್ಜಿಯಂತೂ ಪರೀಕ್ಷೆ ಮುಗಿಯುವ ಮೊದಲೇ ನನ್ನನ್ನು ಕೇಳಿದರು, "ಈ ಹುಡುಗಿ ಎಷ್ಟು ಸಪೂರ ಮಾರಾಯ್ತಿ, ಇವಳಿಗೆ ಅಲ್ಲಿ ಊಟ ಹಾಕುವುದಿಲ್ಲವಾ?"

ಊಟದ ವಿಷಯಕ್ಕೆ ನಾನು ಹೆದರಿದ್ದೆ, ಅದೇ ಸುಲಭವಾಯಿತು. ಜ್ವರ ಬಂದಂತಾದಾಗ ಕುಚ್ಚಲಕ್ಕಿ ಗಂಜಿ, ಸಂಜೆ ಗೋಳಿಬಜೆ, ಆಟಿ ತಿಂಗಳಲ್ಲಿ ಗೆಳತಿಯ ಮನೆಯಿಂದ ಪತ್ರೊಡೆ. ಒಣಗದ ಬಟ್ಟೆಗೆ ಮಾತ್ರ ನಮ್ಮಲ್ಲಿ ಪರಿಹಾರ ಇರಲಿಲ್ಲ.

ಈ ಕೆಲಸಕ್ಕೆ ಇಳಿಯುವವರಿಗೆ ಎರಡು ಮಾತು. ವಿದೇಶಿಯರು ಹಾಸ್ಟೆಲ್‌ನಲ್ಲಿರಲಿ, ಯಾರದೋ ಮನೆಯಲ್ಲಿರಲಿ, ಬಂದ 24 ಗಂಟೆಯೊಳಗೆ ಅವರು ತಂಗಿರುವ ಮಾಹಿತಿಯ ಫಾರ್ಮ್ (ಹಿಂದೆ ಫಾರ್ಮ್ ಸಿ ಅನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದು ಜಾಗ ಕೊಟ್ಟವರ ಜವಾಬ್ದಾರಿ. ರಾತ್ರಿ ವಿಮಾನದಲ್ಲಿ ಬಂದವರ ಪಾಸ್‌ಪೋರ್ಟ್, ವೀಸಾ ಪ್ರತಿಯನ್ನು ಬಜ್ಪೆ ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಇನ್ನೊಂದು, ಟ್ಯೂಟರ್ ಸಹಿ. ಕೊನೆಯ ವಾರಕ್ಕೆ ಬಿಡಬೇಡಿ. ಸಹಿ ಇಲ್ಲದಿದ್ದರೆ ಸರ್ಟಿಫಿಕೇಟ್ ತಡವಾಗುತ್ತದೆ, ಅವರ ಕಾಲೇಜು ನಾಲ್ಕು ವಾರವನ್ನು ಲೆಕ್ಕಕ್ಕೇ ಹಿಡಿಯದಿರಬಹುದು. ಸರ್ ರಜೆಯ ಮೇಲೆ ಹೋಗುವ ದಿನವನ್ನು ಡಿಪಾರ್ಟ್‌ಮೆಂಟ್ ಅಟೆಂಡರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ.