ಜಾತಿ ದೌರ್ಜನ್ಯದ ಕೇಸಿಗೆ ವಕೀಲರನ್ನು ಹುಡುಕುವುದು ಹೇಗೆ?

ಹೋಟೆಲಿನಲ್ಲಿ ಬೇರೆ ಲೋಟ. ಕಟಿಂಗ್ ಅಂಗಡಿಯಲ್ಲಿ ‘ನಿಮಗೆ ಮಾಡಲ್ಲ’ ಎಂಬ ಮಾತು. ಗುಡಿಯೊಳಗೆ ಕಾಲಿಟ್ಟರೆ ಇಡೀ ಕೇರಿಗೆ ಬಹಿಷ್ಕಾರ. ಇವೆಲ್ಲ ಅಪರಾಧ. ಆದರೆ ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಇಂಥದ್ದು ನಡೆದಾಗ ‘ವಕೀಲರಿಗೆ ದುಡ್ಡು ಎಲ್ಲಿಂದ ತರೋದು?’ ಎಂಬ ಚಿಂತೆಯಲ್ಲೇ ಬಡವರು ಕೈಬಿಡುತ್ತಾರೆ. ದುಡ್ಡಿಲ್ಲ ಅಂತ ಕೈಬಿಡಬೇಡಿ.

ಮೊದಲು ದೂರು ಕೊಡಿ. ವಕೀಲರು ಸಿಗಲಿ ಅಂತ ಕಾಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ, ಅಂದರೆ ಎಲ್ಲರೂ ಹೇಳುವ ಅಟ್ರಾಸಿಟಿ ಕೇಸಿನಲ್ಲಿ, ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. 2018ರ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಗೊಳ್ಳಿ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಸಹಾಯವಾಣಿ 14566ಕ್ಕೂ ಹೇಳಬಹುದು.

ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಈ ಕೇಸನ್ನು ನಡೆಸುವುದು ಸರ್ಕಾರ. ವಿಶೇಷ ನ್ಯಾಯಾಲಯದಲ್ಲಿ ನಿಮ್ಮ ಪರವಾಗಿ ವಿಶೇಷ ಸರ್ಕಾರಿ ವಕೀಲರು ಇರುತ್ತಾರೆ. ಅವರಿಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಅವರ ಮೇಲೆ ಭರವಸೆ ಬರದಿದ್ದರೆ ಬೇರೆ ಹಿರಿಯ ವಕೀಲರನ್ನು ನೇಮಿಸಿ ಅಂತ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ಇದೇ ಕಾಯ್ದೆಯಡಿ ಮಾಡಿದ 1995ರ ನಿಯಮಗಳಲ್ಲಿ, 4ನೇ ನಿಯಮದ ಐದನೇ ಉಪನಿಯಮದಲ್ಲಿ ಇದಕ್ಕೆ ಅವಕಾಶವಿದೆ. ಅರ್ಜಿಯಲ್ಲಿ ಆ ನಿಯಮದ ಹೆಸರು ಬರೆಯಿರಿ, ಸ್ವೀಕೃತಿ ಪಡೆಯಿರಿ.

ಹಾಗಾದರೆ ಬೇರೆ ವಕೀಲರು ಯಾಕೆ? ಸರ್ಕಾರಿ ವಕೀಲರ ಕೈಯಲ್ಲಿ ಕೇಸುಗಳು ಜಾಸ್ತಿ. ನಿಮ್ಮದೇ ವಕೀಲರಿದ್ದರೆ ಕೋರ್ಟಿನ ಅನುಮತಿ ಪಡೆದು ಅವರ ಜೊತೆ ಕೆಲಸ ಮಾಡುತ್ತಾರೆ. ಜಾಮೀನಿಗೆ ಆಕ್ಷೇಪ ಹಾಕುತ್ತಾರೆ. ಎದುರು ಪಕ್ಷದವರು ಕೌಂಟರ್ ಕೇಸ್ ಹಾಕಿದರೆ ನಿಮ್ಮನ್ನು ಕಾಯುತ್ತಾರೆ.

ಅಂಥವರನ್ನು ಉಚಿತವಾಗಿ ಪಡೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಶಹಾಪುರ, ಸುರಪುರದವರು ತಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನೇ ಕೇಳಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯದ ಮಿತಿಯೇ ಇಲ್ಲ. ಜಾತಿ ಪ್ರಮಾಣಪತ್ರ, ಆಧಾರ್, ಎಫ್‌ಐಆರ್ ಪ್ರತಿ ಒಯ್ಯಿರಿ. ಫೋನಿನಲ್ಲಿ ಕೇಳುವುದಾದರೆ 15100.

ಸ್ವಂತ ಖರ್ಚಿನಲ್ಲಿ ವಕೀಲರನ್ನು ಇಡುವುದಾದರೆ ದೊಡ್ಡ ಹೆಸರಿಗೆ ಮರುಳಾಗಬೇಡಿ. ವಕಾಲತ್ತಿಗೆ ಸಹಿ ಹಾಕುವ ಮುಂಚೆ ನೇರವಾಗಿ ಕೇಳಿ: ಅಟ್ರಾಸಿಟಿ ಕೇಸು ನಡೆಸಿದ್ದೀರಾ? ನೊಂದವರ ಪರವೋ, ಆರೋಪಿಗಳ ಪರವೋ? ನಮ್ಮ ಮೇಲೆ ದೌರ್ಜನ್ಯ ಮಾಡಿದ ಮನೆಯವರ ಬೇರೆ ಕೇಸು ನಿಮ್ಮ ಹತ್ತಿರ ಇದೆಯಾ? ಜಾಮೀನು ಅರ್ಜಿ ಬಂದರೆ ನೊಂದವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು ಎನ್ನುತ್ತದೆ ಕಾಯ್ದೆಯ 15ಎ ಕಲಂ. ಅದು ಗೊತ್ತಿಲ್ಲದವರ ಹತ್ತಿರ ಫೈಲು ಕೊಡಬೇಡಿ. ಮೊದಲ ಭೇಟಿಯಲ್ಲೇ ‘ರಾಜಿ ಆಗಿಬಿಡಿ’ ಅನ್ನುವವರಿಂದ ಎದ್ದು ಬನ್ನಿ. ಊರಿನ ಒತ್ತಡ ಈಗಾಗಲೇ ಸಾಕಷ್ಟಿರುತ್ತದೆ, ವಕೀಲರೂ ಅದನ್ನೇ ಹೇಳಬೇಕಾ?

ಫೀಸನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನೊಂದವರಿಗೆ ಸರ್ಕಾರ ಕೊಡುವ ಪರಿಹಾರದ ಹಣದಲ್ಲಿ ಪಾಲು ಕೇಳಿದರೆ ಒಪ್ಪಬೇಡಿ. ಕೇಸಿನಿಂದ ಬರುವ ಹಣದಲ್ಲಿ ವಕೀಲರು ಪಾಲು ಪಡೆಯುವುದಕ್ಕೆ ಬಾರ್ ಕೌನ್ಸಿಲ್ ನಿಯಮಗಳಲ್ಲೇ ನಿಷೇಧವಿದೆ. ಆ ಪರಿಹಾರ ನಿಮ್ಮ ಹಕ್ಕು. ಸಮಾಜ ಕಲ್ಯಾಣ ಇಲಾಖೆಯಲ್ಲಿ ನೀವೇ ವಿಚಾರಿಸಬಹುದು.

ವಿಶೇಷ ನ್ಯಾಯಾಲಯದ ಆದೇಶ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. 2013ರಿಂದ ಕಲಬುರಗಿಯಲ್ಲೇ ಕಾಯಂ ಪೀಠವಿದೆ. ಅಲ್ಲೂ ಉಚಿತ ವಕೀಲರನ್ನು ಕೇಳಬಹುದು.

ಇನ್ನೊಂದು ಕೆಲಸವನ್ನು ವಕೀಲರಿಗೆ ನೆನಪಿಸಿ. ಸಾಕ್ಷಿ ಹೇಳುವವರು ಬಹಳ ಸಲ ಕೂಲಿಯವರೇ ಆಗಿರುತ್ತಾರೆ. ಒಂದು ದಿನ ಕೋರ್ಟಿಗೆ ಬಂದರೆ ಆ ದಿನದ ಕೂಲಿ ಹೋಯಿತು. ನೊಂದವರಿಗೂ ಸಾಕ್ಷಿಗಳಿಗೂ ಬಸ್ ಚಾರ್ಜು, ದಿನಭತ್ಯೆ ಕೊಡಬೇಕು ಎಂದು ಅದೇ 1995ರ ನಿಯಮಗಳು ಹೇಳುತ್ತವೆ. ಟಿಕೆಟ್ ಎಸೆಯದೆ ಇಟ್ಟುಕೊಳ್ಳಲು ಅವರಿಗೆ ಹೇಳಿ.